ಸುರುಳಿಯಣ್ಣ ಹುಡುಕಿ ತಂದ ಸ್ವಿಚ್ಚು

ಅಪಾಯ ಬಂದಾಗ ಕರೆಂಟು ಕಡಿಯದ ಸ್ವಿಚ್ಚು ಸ್ವಿಚ್ಚಲ್ಲ, ಬರೀ ತಗಡು. ಎಲ್ಲರಿಗೂ ಗೊತ್ತಿರಬೇಕಾದ ಮಾತಿದು. ಗೊತ್ತಿದ್ದೂ ಸುರುಳಿಯಣ್ಣ ಮೋಸಹೋದ. ಬೆಂದದ್ದು ಅವನ ತಂಗಿಯ ಕೈ.

ಮೋಟಾರುಗಳಿಗೆ ತಾಮ್ರದ ತಂತಿ ಸುತ್ತಿಕೊಡುವ ಅಂಗಡಿ ಅವನದು. ಹಾಗಾಗಿ ಆ ಹೆಸರು. ಹೆಸರು ಅಣ್ಣನದು, ಸುತ್ತುವ ಕೈ ತಂಗಿಯದು. ಇತ್ತೀಚೆಗೆ ಆಟದ ರೈಲಿನ ಹಳೇ ಟ್ರಾನ್ಸ್‌ಫಾರ್ಮರ್‌ಗಳು ದುರಸ್ತಿಗೆ ಬರುತ್ತಿದ್ದವು. ಮನೆಯ ಕರೆಂಟನ್ನು ತಗ್ಗಿಸಿ ಪುಟ್ಟ ಹಳಿಗಳಿಗೆ ಬಿಡುವ ಕಬ್ಬಿಣದ ಪೆಟ್ಟಿಗೆಗಳು. ಮಾಡಿದ ಕಂಪನಿಗಳು ಮುಚ್ಚಿ ಯಾವ ಕಾಲವಾಯಿತೋ; ಬಿಡಿಭಾಗ ಬೇಕೆಂದರೆ ಸತ್ತ ಪೆಟ್ಟಿಗೆಯ ಹೊಟ್ಟೆ ಬಗೆಯಬೇಕು. ಅಣ್ಣ ಗುಜರಿ ಸಾಲಿನಲ್ಲಿ ಅಲೆಯುವನು. ತಂಗಿ ಕಿಟಕಿಯ ಪಕ್ಕ ಕೂತು ಕೂದಲೆಳೆಯಂಥ ತಂತಿಯನ್ನು ಸುತ್ತುವಳು. ಬಿಗಿಯಾಯಿತೋ ಸಡಿಲವಾಯಿತೋ, ಅವಳ ಬೆರಳೇ ಹೇಳುತ್ತಿತ್ತು.

ಗಡಿಯಾರದಂಗಡಿಯ ಯಜಮಾನರು ತಮ್ಮ ಅಪ್ಪನ ಕಾಲದ ಪೆಟ್ಟಿಗೆ ತಂದರು. ಎಲ್ಲ ನೆಟ್ಟಗಿತ್ತು, ಒಂದು ಸ್ವಿಚ್ಚು ಬಿಟ್ಟು. ಎಂಜಿನ್ ಹಳಿಯ ಮೇಲೆ ಅಡ್ಡ ಬಿದ್ದು ಶಾರ್ಟ್ ಆದರೆ ತಾನೇ ಬಿಸಿಯಾಗಿ ಬಾಗಿ ಕರೆಂಟು ಕಡಿಯುವ ಸ್ವಿಚ್ಚು ಅದು.

"ಎದುರಂಗಡೀಲಿ ಹೊಸದು ಸಿಗುತ್ತೆ ಯಜಮಾನ್ರೇ. ಒಳಗಡೆ ಇರೋದು, ಯಾರಿಗೂ ಕಾಣಲ್ಲ" ಎಂದಳು ತಂಗಿ.

"ಕಾಣಲ್ವೇನಮ್ಮಾ? ಹಳೇ ಆಟದ ರೈಲುಗಳ ಪ್ರದರ್ಶನದಲ್ಲಿ ತೀರ್ಪುಗಾರ ಮುಚ್ಚಳ ಬಿಚ್ಚಿಸ್ತಾನೆ. ಹೊಸ ಸ್ಕ್ರೂ ಕಂಡ್ರೂ ಮೂಗು ಮುರೀತಾನೆ. ಒರಿಜಿನಲ್ಲೇ ಬೇಕು."

"ಹಾಗಾದ್ರೆ ತೀರ್ಪುಗಾರನನ್ನೇ ಒಳಗೆ ಕೂರಿಸಿಬಿಡಿ. ಬಿಸಿಯಾದಾಗ ಕೂಗ್ತಾನೆ."

"ಗಿರಾಕಿ ಎದುರಿಗೆ ಬಾಯಿ ಬಿಗಿ ಹಿಡಿಯೇ" ಎಂದು ಗದರಿ ಅಣ್ಣ ಹುಡುಕಲು ಹೊರಟ.

ಚಪ್ಪಲಿ ಸವೆಯುವಷ್ಟು ಅಲೆದ ಮೇಲೆ ಒಬ್ಬ ಗುಜರಿಯವನ ಡಬ್ಬಿಯ ತಳದಲ್ಲಿ ಅಂಥದ್ದೊಂದು ಸಿಕ್ಕಿತು. ಅವನು ಬಲ್ಬಿಗೆ ಸೇರಿಸಿ ತೋರಿಸಿದ. ಹತ್ತಿತು. "ನೋಡ್ದ್ಯಾ ಸುರುಳಿಯಣ್ಣಾ? ಗುಂಡುಕಲ್ಲಿನ ಹಾಗಿದೆ!"

ಬಲ್ಬು ಹತ್ತಿದರೆ ಸ್ವಿಚ್ಚು ಒಳ್ಳೆಯದು ಎಂಬುದು ಆ ಸಾಲಿನ ಶಾಸ್ತ್ರ. ಎಂದೋ ಶಾರ್ಟ್ ಆಗಿ ತುದಿಗಳು ಕರಗಿ ಬೆಸೆದುಕೊಂಡ ಸ್ವಿಚ್ಚಿನಲ್ಲೂ ಬಲ್ಬು ಹತ್ತುತ್ತದೆ. ಹತ್ತುತ್ತದೆಯೇ ಎಂದು ಇಬ್ಬರೂ ನೋಡಿದರು. ಆರುತ್ತದೆಯೇ ಎಂದು ಒಬ್ಬನೂ ನೋಡಲಿಲ್ಲ.

"ಕಡಿಯುತ್ತಾ ನೋಡಿದ್ಯಾ ಅಣ್ಣಾ?" ಅಂಗಡಿಗೆ ತಂದೊಡನೆ ಕೇಳಿದಳು ತಂಗಿ.

"ನಿಂದೊಂದು ಅಡ್ಡಬಾಯಿ. ಹುಡುಕಿ ಹುಡುಕಿ ಸತ್ತಿದೀನಿ, ಸುಮ್ನಿರು."

ಸ್ವಿಚ್ಚು ಕೂರಿಸಿ, ಮೇಜಿನ ಮೇಲೆ ರೈಲು ಓಡಲು ಬಿಟ್ಟು, ಯಜಮಾನರನ್ನು ಕರೆತರಲು ಅವನೇ ಎದ್ದು ಹೋದ. ತಿರುವಿನಲ್ಲಿ ಎಂಜಿನ್ ಹಳಿ ತಪ್ಪಿ ಅಡ್ಡ ಬಿತ್ತು. ಪೆಟ್ಟಿಗೆ ಗುಂಯ್‌ಗುಟ್ಟಿತು. ಕರೆಂಟು ಕಡಿಯಲಿಲ್ಲ. ತಂತಿ ಸುತ್ತುತ್ತಿದ್ದ ತಂಗಿ ವಾಸನೆ ಬಡಿದು ತಲೆಯೆತ್ತುವಷ್ಟರಲ್ಲಿ ಹೊಗೆ. ಪ್ಲಗ್ ಕೀಳಲು ವೈರು ಎಳೆದಳು. ಪೆಟ್ಟಿಗೆಯೇ ಮಗುಚಿ, ಒಳಗೆ ಸುರುಳಿಯ ಸುತ್ತ ತುಂಬಿದ್ದ ಟಾರು ಕರಗಿ ಅವಳ ಬಲಗೈ ಮೇಲೆ ಸುರಿಯಿತು.

ಗಾಯ ಮಾಗಿದೆ. ಹೆಬ್ಬೆರಳು, ತೋರುಬೆರಳು ಮಡಚುವುದಿಲ್ಲ.

ಕೈಗಿನ್ನೂ ಪಟ್ಟಿ ಇದ್ದಾಗಲೇ ಯಜಮಾನರು ಬಂದರು. ಮೊದಲ ಮಾತು: "ಮೇಲಿನ ಬಣ್ಣಕ್ಕೇನೂ ಆಗಿಲ್ಲ ತಾನೆ?"

ತಂಗಿ ಎಡಗೈಯಲ್ಲಿ ಹೊಸ ಸ್ವಿಚ್ಚೊಂದನ್ನು ಅವರ ಮುಂದಿಟ್ಟಳು. "ಇದನ್ನ ಹಾಕಿಸ್ಕೊಂಡ್ರೆ ಕೆಲಸ. ಇಲ್ಲಾಂದ್ರೆ ಇಲ್ಲ."

ಅವರು ಪೆಟ್ಟಿಗೆ ಎತ್ತಿಕೊಂಡು ಬೇರೆ ಅಂಗಡಿಗೆ ನಡೆದರು. ಈಗ ಕಿಟಕಿಯ ಪಕ್ಕ ಸುರುಳಿಯಣ್ಣನೇ ಕೂರುತ್ತಾನೆ, ತಂತಿ ತುಂಡಾಗುತ್ತಲೇ ಇರುತ್ತದೆ. "ಮೆಲ್ಲಗೆ ಅಣ್ಣಾ, ದನ ಕಟ್ಟೋ ಹಗ್ಗ ಅಲ್ಲ ಅದು" ಎನ್ನುತ್ತಾಳೆ ತಂಗಿ. ಅವನು ತುಂಡಾದ ತುದಿ ಹುಡುಕಿ ಮತ್ತೆ ಸುತ್ತತೊಡಗುತ್ತಾನೆ.

ಯಜಮಾನರ ಪೆಟ್ಟಿಗೆಗಾಗಿ ಇನ್ನೊಬ್ಬ ಗುಜರಿ ಸಾಲಿನಲ್ಲಿ ಅಲೆಯುತ್ತಿದ್ದಾನೆ. 'ಒರಿಜಿನಲ್ಲೇ ಬೇಕು' ಎನ್ನುವ ಮಹಾಶಯರೇ, ಹಳೇ ಸ್ವಿಚ್ಚನ್ನು ಗಾಜಿನ ಡಬ್ಬಿಯಲ್ಲಿಟ್ಟು ಮೆರೆಯಿರಿ, ಬೇಡ ಎಂದವರಾರು? ಪೆಟ್ಟಿಗೆಯೊಳಕ್ಕೆ ಹೊಸದನ್ನೇ ಹಾಕು ಎಂದು ನಿಮ್ಮ ಬಾಯಿಂದಲೇ ಹೇಳಿ. ಹೇಳಲಾರಿರಾ? ಹಾಗಾದರೆ ದುರಸ್ತಿಯಾದ ಮೇಲೆ ಮೊದಲ ಸಲ ಪ್ಲಗ್ ಚುಚ್ಚುವ ಕೈ ನಿಮ್ಮದೇ ಆಗಲಿ.