ಅಕ್ಕನ ಅರವತ್ತೆರಡು ಕಿಲೋ

ಭಾವನ ಅಂಗಡಿಯಲ್ಲಿ ಈಗ ಮನುಷ್ಯರನ್ನು ನಿಲ್ಲಿಸಿ ತೂಕದ ಯಂತ್ರ ಪರೀಕ್ಷಿಸುವುದಿಲ್ಲ. ಇಪ್ಪತ್ತಿಪ್ಪತ್ತು ಕಿಲೋದ ಕಬ್ಬಿಣದ ಬಟ್ಟುಗಳನ್ನು ಅವರೇ ಎತ್ತಿಡುತ್ತಾರೆ. ಎಪ್ಪತ್ತರ ವಯಸ್ಸಿನಲ್ಲಿ ಸೊಂಟ ಹಿಡಿದುಕೊಂಡು ಏದುಸಿರು ಬಿಡುವುದನ್ನು ನೋಡಿದರೂ ನನಗೆ ಪೂರ್ತಿ ಕನಿಕರ ಬರುವುದಿಲ್ಲ. ಸತ್ತವಳು ನನ್ನ ಅಕ್ಕ.

ನಲವತ್ತು ವರ್ಷದಿಂದ ಅವರದು ತಕ್ಕಡಿ, ತೂಕದ ಯಂತ್ರಗಳ ರಿಪೇರಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಓದಿದ್ದು ಹತ್ತನೇ ಕ್ಲಾಸು, ತಲೆ ಮಾತ್ರ ಆಕಾಶದಲ್ಲಿ. ಗೆಲಾಕ್ಸಿಗಳ ಅಂಚಿನ ನಕ್ಷತ್ರಗಳು ಲೆಕ್ಕಕ್ಕಿಂತ ಜೋರಾಗಿ ಸುತ್ತುತ್ತವಂತೆ. ಕಾಣುವ ವಸ್ತುವಿನ ಸೆಳೆತ ಅವನ್ನು ಹಿಡಿದಿಡಲು ಸಾಲದಂತೆ. ಹಾಗಾಗಿ ಕಣ್ಣಿಗೆ ಬೀಳದ ಕಪ್ಪುದ್ರವ್ಯ ಇರಲೇಬೇಕು ಎನ್ನುವುದು ಬಹುಪಾಲು ವಿಜ್ಞಾನಿಗಳ ಮಾತು. ಕೆಲವರು ಮಾತ್ರ, ಸೆಳೆತ ತೀರಾ ಕ್ಷೀಣವಾದ ಕಡೆ ಗುರುತ್ವದ ನಿಯಮವೇ ಬೇರೆಯಿರಬಹುದು ಎನ್ನುತ್ತಾರೆ. ಭಾವ ಆ ಕೆಲವರ ಕಡೆ.

“ತೂಕ ತಾಳೆ ಆಗ್ಲಿಲ್ಲ ಅಂದ್ರೆ ತಟ್ಟೇಲಿ ದೆವ್ವ ಕೂತಿದೆ ಅಂತೀಯಾ? ಮೊದ್ಲು ತಕ್ಕಡಿ ನೋಡು” ಎಂದು ನನ್ನನ್ನು ಗದರುತ್ತಿದ್ದರು. ಹನ್ನೊಂದು ನೋಟ್‌ಬುಕ್ ತುಂಬಿಸಿದರು. ಊರೂರಿಗೆ ಬರೆದ ಪತ್ರಗಳಿಗೆ ಒಬ್ಬ ಪ್ರೊಫೆಸರ್ ಮಾತ್ರ ಉತ್ತರಿಸಿದ್ದರು: ‘ತಕ್ಕಡಿ ಸರಿಯಿದ್ದು, ತಟ್ಟೆಯಲ್ಲಿ ನಿಜಕ್ಕೂ ಕಾಣದ್ದೇನೋ ಇದ್ದರೆ?’ ಭಾವ ನಕ್ಕು ಅದನ್ನು ಮೊಳೆಗೆ ಸಿಕ್ಕಿಸಿದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಜನ ಹತ್ತಿ ನಿಲ್ಲುವ ಯಂತ್ರ ರಿಪೇರಿಗೆ ಬಂದರೆ, ಬಟ್ಟು ಎತ್ತಲು ಸೋಮಾರಿತನಪಟ್ಟು ಅಕ್ಕನನ್ನು ಕರೆಯುತ್ತಿದ್ದರು. ಇಪ್ಪತ್ತು ವರ್ಷದಿಂದ ಅವಳ ತೂಕ ಅರವತ್ತೆರಡು, ಕಡಿಮೆಯಿಲ್ಲ, ಹೆಚ್ಚಿಲ್ಲ. “ಬಾರೇ ನನ್ನ ಬಟ್ಟು” ಎಂದರೆ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದು ನಿಲ್ಲುವಳು. ಮುಳ್ಳು ಅರವತ್ತೆರಡಕ್ಕೆ ಬರುವವರೆಗೆ ಭಾವ ಸ್ಕ್ರೂ ತಿರುಗಿಸುವರು.

ಅಕ್ಕ ತೀರಿಕೊಂಡ ವರ್ಷ ಮುಳ್ಳು ಅರವತ್ತಕ್ಕೆ ನಿಂತಿತು. ಆಮೇಲೆ ಐವತ್ತೇಳಕ್ಕೆ. ಪ್ರತಿ ಸಲವೂ ಬೇರೆ ಯಂತ್ರ, ಪ್ರತಿ ಸಲವೂ ಅದೇ ಸ್ಕ್ರೂ.

“ರೀ, ಬಟ್ಟೆ ಎಲ್ಲಾ ಸಡಿಲ ಆಗ್ತಿದೆ. ಊಟಾನೂ ಸೇರ್ತಿಲ್ಲ.”

“ಸ್ಪ್ರಿಂಗ್ ಬಿಗಿ ಆಗಿದೆ ಕಣೇ, ನಿಂಗೇನಾಗಿಲ್ಲ. ಅಲುಗಾಡ್ಬೇಡ.”

ಅಕ್ಕ ನಂಬಿದಳು. ತೂಗುವುದನ್ನೇ ಕಸುಬು ಮಾಡಿಕೊಂಡ ಗಂಡನನ್ನು ನಂಬದೆ ಏನು ಮಾಡಿಯಾಳು? ವಾರಕ್ಕೊಮ್ಮೆ ಹೋಗುತ್ತಿದ್ದ ನಾನೂ ಅವಳ ಮುಖ ಇಳಿದದ್ದು ಕಂಡು ಸುಮ್ಮನಿದ್ದೆ. ಆ ಸಿಟ್ಟು ನನಗೆ ನನ್ನ ಮೇಲೂ ಇದೆ.

ಒಂದು ಮಧ್ಯಾಹ್ನ ಕ್ಲಿನಿಕ್ಕಿನ ನರ್ಸ್ ಯಂತ್ರ ವಾಪಸ್ ತಂದಳು. “ಏನ್ರೀ ರಿಪೇರಿ ಇದು? ಬಂದೋರೆಲ್ಲ ಐದೈದು ಕಿಲೋ ಜಾಸ್ತಿ ತೂಗ್ತಿದಾರೆ!”

ಭಾವ ಮೂರು ಬಟ್ಟು ಇಟ್ಟರು. ಅರವತ್ತು ಕಿಲೋ ಕಬ್ಬಿಣಕ್ಕೆ ಮುಳ್ಳು ಅರವತ್ತೈದು ತೋರಿಸಿತು. ಒಳಗೆ ಅಕ್ಕ ಪಾತ್ರೆ ತೊಳೆಯುತ್ತಿದ್ದಳು. ಭಾವ ಬಟ್ಟುಗಳನ್ನು ಹಾಗೇ ಬಿಟ್ಟು ಒಳಗೆ ಓಡಿದರು ಎಂದು ಆ ನರ್ಸೇ ನನಗೆ ಹೇಳಿದ್ದು.

ಗಡ್ಡೆ ಹೊಟ್ಟೆಯೊಳಗಿತ್ತು, ಹೊರಗೆ ಏನೂ ಕಾಣುತ್ತಿರಲಿಲ್ಲ. “ಆರು ತಿಂಗಳು ಮೊದ್ಲೇ ಬಂದಿದ್ರೆ...” ಎಂದರು ಡಾಕ್ಟರು.

ಆಸ್ಪತ್ರೆಯ ವಾರ್ಡಿನಲ್ಲಿ ದಿನಾ ಬೆಳಿಗ್ಗೆ ತೂಕ ನೋಡುತ್ತಿದ್ದರು. ಕೊನೆಯ ವಾರ ಭಾವನೂ ನಾನೂ ಅಕ್ಕನನ್ನು ಎತ್ತಿ ನಿಲ್ಲಿಸಿ, ಒಂದು ಗಳಿಗೆ ಕೈ ಬಿಟ್ಟೆವು. ನಲವತ್ತೊಂದು. ಅಕ್ಕ ಮುಳ್ಳನ್ನು ನೋಡಿ ಗಂಡನ ಕಡೆ ತಿರುಗಿದಳು. ಅವಳ ಮುಖದಲ್ಲಿ ಕುಹಕವಿರಲಿಲ್ಲ, ಆಣೆಯಿಟ್ಟು ಹೇಳುತ್ತೇನೆ.

“ರೀ, ಇದನ್ನೂ ಸ್ವಲ್ಪ ಸರಿಮಾಡಿ.”

ಭಾವನ ಕೈ ಅಂಗಿ ಜೇಬಿನ ಸ್ಕ್ರೂಡ್ರೈವರಿನ ತನಕ ಹೋಗಿ ಅಲ್ಲೇ ನಿಂತಿತು.