ಸೇಫ್ಟಿ ಡೋರೂ ಸ್ವಾಮಿಗಳೂ

ಕಡೂರಿನ ನಮ್ಮ ಎದುರು ಮನೆಯವರು ಹಿರೇನಲ್ಲೂರಿಗೆ ಮದುವೆಗೆ ಹೋಗಿ ಬರುವಷ್ಟರಲ್ಲಿ ಕಳ್ಳರು ಹಾಡಹಗಲೇ ಅವರ ಮನೆಗೆ ನುಗ್ಗಿ ಬೆಳ್ಳಿ ಸಾಮಾನು, ಮಿಕ್ಸಿ, ತುಂಬಿದ ಗ್ಯಾಸ್ ಸಿಲಿಂಡರ್ ಎಲ್ಲ ಹೊತ್ತುಕೊಂಡು ಹೋಗಿದ್ದರು. ಹೋಗೋ ಮುಂಚೆ ಫ್ರಿಜ್ಜಿನಲ್ಲಿದ್ದ ಚಿತ್ರಾನ್ನ ತಿಂದು, ತಟ್ಟೆ ತೊಳೆದು ಬೋರಲು ಹಾಕಿದ್ದರಂತೆ. ಅವತ್ತು ನಮ್ಮ ಬೀದಿಯಲ್ಲಿ ಬೆಳ್ಳಿಗಿಂತ ಆ ತಟ್ಟೆಯ ಮಾತೇ ಜಾಸ್ತಿ.

"ನನ್ನ ಮಗ ಹುಟ್ಟಿದಾಗಿಂದ ಒಂದಿನ ತಟ್ಟೆ ತೊಳೆದಿಲ್ಲ. ಕಳ್ಳನೇ ವಾಸಿ ಕಣೇ" ಅಂದರು ನಮ್ಮತ್ತೆ.

ಆ ಮಗ, ಅಂದರೆ ನನ್ನ ಗಂಡ, ಕೊಬ್ಬರಿ ವ್ಯಾಪಾರಿ. ಅಟ್ಟದ ತುಂಬ ಕೊಬ್ಬರಿ ಮೂಟೆ. ಬೀರುವಿನಲ್ಲಿರೋ ನನ್ನ ಒಡವೆ ಹೋದರೆ ಒಂದು ದಿನ ಅಳುತ್ತಿದ್ದರೇನೋ, ಕೊಬ್ಬರಿ ಹೋದರೆ ಊಟ ಬಿಡುವ ಪೈಕಿ. ಕಳ್ಳತನವಾದ ವಾರದಲ್ಲೇ ತೀರ್ಮಾನ ಮಾಡಿಬಿಟ್ಟರು. ಮುಂಬಾಗಿಲಿನ ಮರದ ಕದದ ಹೊರಗೆ ಇನ್ನೊಂದು ಜಾಲರಿಯ ಬಾಗಿಲು, ಸೇಫ್ಟಿ ಡೋರ್. ಗಾಳಿ ಒಳಗೆ ಬರಬೇಕು, ನೊಣ, ಸೊಳ್ಳೆ, ಕಳ್ಳ ಹೊರಗಿರಬೇಕು.

ಅತ್ತೆಯ ತವರು ಅಜ್ಜಂಪುರ. ಹಾಗಾಗಿ ಮೊದಲು ಅಲ್ಲಿನ ವೆಲ್ಡಿಂಗ್ ಶಾಪಿಗೆ ಹೋದೆವು. ಅಲ್ಲಿದ್ದದ್ದು ಹೆಬ್ಬೆರಳು ದಪ್ಪದ ಸರಳು, ನಡುವೆ ಕಬ್ಬಿಣದ ನವಿಲು. ನವಿಲಿಗೆ ಯಾಕೋ ಹುಂಜದ ಮುಖ. ಅತ್ತೆ ಸರಳು ಹಿಡಿದು ಒಂದು ಸಲ ಆ ಕಡೆಯಿಂದ, ಒಂದು ಸಲ ಈ ಕಡೆಯಿಂದ ನೋಡಿದರು.

"ಇದರ ಹಿಂದೆ ಕೂತ್ರೆ ಮೈಸೂರು ಝೂನಲ್ಲಿ ಕೂತಂಗಿರುತ್ತೆ ಕಣೋ. ಬೀದೀಲಿ ಹೋಗೋರು ಕಡ್ಲೆಕಾಯಿ ಎಸೀತಾರೆ. ನಂಗೆ ಬೇಡ."

ಅಲ್ಲಿಂದ ತರೀಕೆರೆಗೆ. ಅಲ್ಲಿ ದೊಡ್ಡ ಶೋರೂಮು, ಟೈ ಕಟ್ಟಿದ ಸೇಲ್ಸ್‌ಮನ್ನು. ಸ್ಟೀಲ್ ಜಾಲರಿಯ ಬಾಗಿಲೊಂದನ್ನು ತೋರಿಸಿ, "ಒದೀರಿ ಸಾರ್, ಕಳ್ಳ ಒದ್ದಂಗೇ ಒದೀರಿ" ಅಂದ. ನಮ್ಮ ಯಜಮಾನರು ಒದ್ದರು. ಬಾಗಿಲು ಅಲ್ಲಾಡಲಿಲ್ಲ. ಚಪ್ಪಲಿ ಹಾರಿ ಟೈಲ್ಸ್ ವಿಭಾಗಕ್ಕೆ ಹೋಯಿತು, ಹೆಬ್ಬೆರಳು ಊದಿಕೊಂಡಿತು. ಊದಿದ್ದಕ್ಕೇ ಅವರಿಗೆ ಆ ಬಾಗಿಲಿನ ಮೇಲೆ ಗೌರವ ಬಂದುಬಿಟ್ಟಿತು.

ಅತ್ತೆಯ ಪ್ರಶ್ನೆ ಬೇರೆ. "ಒಳಗಿಂದ ಬೀದಿ ಕಾಣುತ್ತೇನಪ್ಪಾ?"

"ಹಗಲೊತ್ತು ಒಳಗಿಂದ ಎಲ್ಲಾ ಕಾಣುತ್ತೆ ಅಜ್ಜಿ. ಹೊರಗಿನೋರಿಗೆ ನೀವು ಕಾಣಲ್ಲ."

"ಹಂಗಾದ್ರೆ ಇದೇ ಇರ್ಲಿ."

ಬೀದಿಯ ಸಮಾಚಾರವೆಲ್ಲ ಇನ್ನು ಗುಟ್ಟಾಗಿ ಸಿಗುತ್ತದೆ ಅನ್ನೋ ಖುಷಿ ಅವರಿಗೆ. ಯಜಮಾನರಿಗೆ ಹಿಡಿಸಿದ್ದು ಬೀಗ. ಬಾಗಿಲು ಎಳೆದರೆ ತಾನಾಗಿ ಬೀಳುತ್ತದೆ, ಆಮೇಲೆ ಒಳಗಿಂದಲೂ ಹೊರಗಿಂದಲೂ ಕೀ ಇಲ್ಲದೆ ತೆಗೆಯೋಕಾಗಲ್ಲ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಧೂಳು ಒರೆಸೋದು ಮಾತ್ರ ನನ್ನ ಪಾಲಿಗೆ ಬಂತು.

ಬಾಗಿಲು ಕೂತು ಸ್ವಲ್ಪ ದಿನಕ್ಕೆ ನಮ್ಮ ಮಠದ ಸ್ವಾಮಿಗಳು ಪಾದಪೂಜೆಗೆ ಮನೆಗೆ ದಯಮಾಡಿಸಿದರು. ಪೂಜೆ ಆಯಿತು, ಪ್ರಸಾದ ಆಯಿತು. ಸ್ವಾಮಿಗಳು ಅಜ್ಜಂಪುರದಲ್ಲಿ ಇನ್ನೊಂದು ಪೂಜೆಗೆ ಹೊರಡಬೇಕು, ಎದ್ದು ನಿಂತರು. ನೋಡಿದರೆ ಬಾಗಿಲಿಗೆ ಬೀಗ. ಸ್ವಾಮಿಗಳಿಗೆ ಕೊಡೋ ಬುಟ್ಟಿಗೆ ಹಣ್ಣು ಸಾಲದು ಅಂತ ಯಜಮಾನರು ಬಾಳೆಹಣ್ಣು ತರಲು ಹೋಗಿದ್ದರು, ಹೋಗುವಾಗ ರೂಢಿಯಂತೆ ಬಾಗಿಲು ಎಳೆದುಕೊಂಡಿದ್ದರು. ಇದ್ದಬದ್ದ ಕೀ ಎಲ್ಲ ಅವರ ಉಡುದಾರದಲ್ಲಿ. ಕಳೆದುಹೋಗಬಾರದು ಅಂತ ಅಲ್ಲೇ ಕಟ್ಟಿಕೊಂಡಿದ್ದರು, ಸ್ನಾನಕ್ಕೂ ಬಿಚ್ಚುತ್ತಿರಲಿಲ್ಲ. ಫೋನ್ ಮಾಡಿದೆ. ದೇವರ ಕೋಣೆಯ ಪಕ್ಕದಲ್ಲಿ ಚಾರ್ಜಿಗಿಟ್ಟ ಅವರ ಫೋನು ಹಾಡಿತು.

ಸ್ವಾಮಿಗಳ ಡ್ರೈವರು ಹೊರಗಿಂದ ಬಾಗಿಲು ಎಳೆದ, ತಳ್ಳಿದ, ಕೊನೆಗೆ ಒದ್ದ. ಸೇಲ್ಸ್‌ಮನ್ ಹೇಳಿದ್ದು ಅಕ್ಷರಶಃ ನಿಜ. ಬೀದಿಯ ಜನ ಜಾಲರಿಗೆ ಮೂಗು ಒತ್ತಿ ಇಣುಕಿದರು. ಅವರಿಗೆ ನಾವು ಕಾಣುತ್ತಿರಲಿಲ್ಲ. ನಮಗೆ ಅವರ ಮೂಗುಗಳೆಲ್ಲ ಕಾಣುತ್ತಿದ್ದವು.

ಅತ್ತೆ ಸೆರಗು ಬಾಯಿಗಿಟ್ಟುಕೊಂಡು, "ತಪ್ಪಾಯ್ತು ಬುದ್ಧೀ" ಅಂತ ಅಳೋ ಹಾಗಾದರು.

"ಹಿತ್ತಿಲ ಬಾಗಿಲು ಇಲ್ವಾ ತಾಯಿ?" ಅಂದರು ಸ್ವಾಮಿಗಳು.

ಅತ್ತೆ ನನ್ನ ಮುಖ ನೋಡಿದರು, ನಾನು ಅತ್ತೆಯ ಮುಖ ನೋಡಿದೆ. ಇತ್ತು. ಹಲಗೆ ಬಾಗಿಲು, ಚಿಲಕ ಮುರಿದು ಎಷ್ಟೋ ಕಾಲವಾಗಿತ್ತು. ಒಂದು ಮೊಳೆಗೆ ಸೆಣಬಿನ ಹುರಿ ಸುತ್ತಿದ್ದೆವು, ಅಷ್ಟೇ. ಊರೂರು ಸುತ್ತಿ ಬಾಗಿಲು ಆರಿಸಿದ ಮೂವರಲ್ಲಿ ಒಬ್ಬರಿಗೂ ಅದು ನೆನಪಾಗಿರಲಿಲ್ಲ.

ಸ್ವಾಮಿಗಳು ಅಡುಗೆಮನೆ ದಾಟಿದರು, ಬಚ್ಚಲು ದಾಟಿದರು. ನಾನು ಹುರಿ ಬಿಚ್ಚಿದೆ. ಅವರು ಹುರಿಯನ್ನೂ ಮೊಳೆಯನ್ನೂ ನೋಡಿ, "ಕಳ್ಳ ಮುಂಬಾಗಿಲಿಗೇ ಬತ್ತಾನೆ ಅಂತ ಯಾರು ಹೇಳಿದ್ರು ತಾಯಿ?" ಅಂತ ಹೊಟ್ಟೆ ಕುಣಿಯುವ ಹಾಗೆ ನಕ್ಕರು. ಹಿತ್ತಿಲಲ್ಲಿ ತಂತಿಯ ಮೇಲೆ ಯಜಮಾನರ ಪಟ್ಟೆ ಚಡ್ಡಿಗಳು ಒಣಗುತ್ತಿದ್ದವು. ಅವನ್ನು ಪರದೆಯ ಹಾಗೆ ಒಂದು ಕೈಯಲ್ಲಿ ಸರಿಸಿದರು. ಕೆಸರಿತ್ತು, ಪಾದುಕೆ ಮುಂದುಗಡೆ ಇತ್ತು, ಆದ್ದರಿಂದ ಒಗೆಯೋ ಕಲ್ಲಿನ ಮೇಲೆ ಬರಿಗಾಲಿಟ್ಟು ಆ ಕಡೆ ಇಳಿದರು.

ಕಾರು ಹೋದಮೇಲೆ ಯಜಮಾನರು ಬಾಳೆಗೊನೆ ಹೊತ್ತು ಬಂದರು. "ಇಷ್ಟು ಜನ ಯಾಕೆ ಇಲ್ಲಿ ನಿಂತವ್ರೆ?"

"ಮೊದ್ಲು ಬಾಗಿಲು ತೆಗಿಯೋ ಲೇ!" ಅತ್ತೆ ಒಳಗಿಂದ ಗುಡುಗಿದರು.

ಉಡುದಾರ ಗಿಡ್ಡ, ಬೀಗ ಎತ್ತರ. ಅವರು ಇಡೀ ಬೀದಿಯ ಎದುರು ತುದಿಗಾಲಲ್ಲಿ ನಿಂತು, ಪಂಚೆ ಸಡಿಲಿಸಿ, ಸೊಂಟವನ್ನು ಬಾಗಿಲಿಗೆ ಆನಿಸಿ ಕೀ ತಿರುಗಿಸಿದ್ದನ್ನು ನಾನು ಒಳಗಿಂದ ಪೂರ್ತಿ ನೋಡಿದೆ. ಮದುವೆಯಾದಾಗಿಂದ ಅಷ್ಟು ನಕ್ಕಿರಲಿಲ್ಲ.

ಮಾರನೇ ದಿನವೇ ಹಿತ್ತಿಲಿಗೆ ಗಟ್ಟಿ ಕದ, ದಪ್ಪ ಚಿಲಕ ಬಂತು. ಕೀಗೆ ಗೋಡೆಯ ಮೇಲೆ ಒಂದು ಮೊಳೆ. ಇಲ್ಲಿಯವರೆಗೆ ಯಾವ ಕಳ್ಳನೂ ಬಂದಿಲ್ಲ. ಆದರೆ ಸ್ವಾಮಿಗಳ ಪಾದ ಸೋಕಿದ ಆ ಕಲ್ಲಿಗೆ ಅತ್ತೆ ಅರಿಶಿನ ಕುಂಕುಮ ಹಚ್ಚಿ, ದಿನಾ ಹೂವಿಡುತ್ತಾರೆ. ಅದರ ಮೇಲೆ ಇನ್ನು ಬಟ್ಟೆ ಕುಕ್ಕೋ ಹಾಗಿಲ್ಲ. ನಾನು ವಾಷಿಂಗ್ ಮಷೀನ್ ಕೇಳಿದ್ದೇನೆ.