ಅಂಬಾರಾಯ ಮಾಸ್ತರರ ರುಮಾಲು

ಸೇಡಂ ಕಡೆಯ ನಮ್ಮೂರ ಸಾಲಿಗೆ ವಿಜ್ಞಾನ ಕಲಿಸಲು ನಿಜಾಮ ಸರಕಾರ ಕೊಟ್ಟದ್ದು ಒಂದೇ ಉರ್ದು ಪುಸ್ತಕ. ಅಂಬಾರಾಯ ಮಾಸ್ತರರಿಗೆ ತಲೆಯ ರುಮಾಲೇ ಸಾಕಾಗಿತ್ತು. ಬಾವಿಯ ನೀರಿನಲ್ಲಿ ಕಣ್ಣಿಗೆ ಕಾಣದ ಹುಳ ಇರುತ್ತದೆ, ಕುಡಿದರೆ ವರ್ಷದೊಳಗೆ ದಾರದಂತೆ ಉದ್ದ ಬೆಳೆದು ಕಾಲಿನಲ್ಲಿ ನಾರುಹುಣ್ಣಾಗಿ ಏಳುತ್ತದೆ ಎಂದು ಹೇಳಿ, ಸಿಕ್ಕಿದ್ದನ್ನೆಲ್ಲ ಆ ರುಮಾಲಿನಲ್ಲಿ ಸೋಸುತ್ತಿದ್ದರು. ನೀರಾಯಿತು, ಮಜ್ಜಿಗೆಯಾಯಿತು, ಮದುವೆ ಮನೆಯ ಸಾರನ್ನೂ ಸೋಸಿ ಬೇಳೆಯನ್ನು ಬೀಗರಿಗೆ ಮರಳಿಸಿದರು. ತಪಾಸಣೆಗೆ ಬಂದ ಸಾಹೇಬರ ಎದುರಿಗೇ ರುಮಾಲು ಬಿಚ್ಚಿ ಅವರ ಲೋಟಕ್ಕೆ ಕಟ್ಟಿದರು. "ಬರೇ ತಲಿಲೆ ನಿಂತೀಯಲ್ಲ, ಅದಬ್ ಇಲ್ಲೇನು ನಿನಗ?" ಎಂದು ಸಾಹೇಬರು ಗುಡುಗಿದರೆ, "ಮೊದಲ ಸೋಸಿದ್ದು ಕುಡೀರಿ ಸಾಬ್, ಆಮ್ಯಾಲ ಬೈರಿ" ಎಂದರು. ಊರ ಮೆಟ್ಟಿಲ ಬಾವಿಗೆ ಮಾತ್ರ ಮಾಸ್ತರರು ಇಳಿಯುತ್ತಿರಲಿಲ್ಲ. ಮೇಲೆಯೇ ನಿಂತು ಹಗ್ಗ ಬಿಡುತ್ತಿದ್ದರು. ಕೆಲಸಕ್ಕೆ ಸೇರಿದ ವರ್ಷ ಅವರ ಕಾಲಿನಲ್ಲೇ ನಾರುಹುಣ್ಣು ಎದ್ದಿತ್ತು. ಉರಿ ತಾಳದೆ ದಿನಾ ಆ ಬಾವಿಯಲ್ಲಿ ಕಾಲು ಇಳಿಬಿಟ್ಟು ಕೂತು ನಮಗೆ ಮಗ್ಗಿ ಹೇಳಿಸಿದ್ದರು. ಹುಣ್ಣಿನ ಹುಳ ನೀರಿನಲ್ಲಿ ಮರಿ ಬಿಡುತ್ತದೆಂದು ಆಗ ಅವರಿಗೂ ಗೊತ್ತಿರಲಿಲ್ಲ. ಮರುವರ್ಷ ನಾವು ಹನ್ನೊಂದು ಮಂದಿ ಕುಂಟಿದೆವು. ನನ್ನ ಕಾಲಿನ ಹುಳವನ್ನು ದಿನಕ್ಕೆ ಒಂದು ಬೆರಳಿನಷ್ಟು ಕಡ್ಡಿಗೆ ಸುತ್ತಿ ತೆಗೆದವರು ಅವರೇ. ಸುತ್ತುವಾಗ ಒಂದು ದಿನವೂ ಪಾಠ ಹೇಳಲಿಲ್ಲ.